ಗುಂಡುಸೂಜಿ ಇಲ್ಲದ ಬೀದಿ

ಪೊಲೀಸ್ ಠಾಣೆಯಲ್ಲಿ ಅರ್ಧ ಆಯುಷ್ಯ ಕಳೆದೂ ಒಬ್ಬ ಕಳ್ಳನ ಮುಖವನ್ನೂ ಸರಿಯಾಗಿ ನೋಡದ ಮನುಷ್ಯ ಯಾರಾದರೂ ಇದ್ದರೆ ಅದು ಗುಂಡುಸೂಜಿಯವರು. ಅವರಿಗೆ ಸಮವಸ್ತ್ರವಿಲ್ಲ, ಲಾಠಿಯಿಲ್ಲ, ಹೆದರಿಸುವಂಥ ಮೀಸೆಯೂ ಇಲ್ಲ. ಠಾಣೆಯ ಹಿಂಬದಿಯ ಕೋಣೆಯಲ್ಲಿ, ವಾರಸುದಾರರಿಲ್ಲದೆ ತುಕ್ಕು ಹಿಡಿಯುತ್ತಿದ್ದ ಸೈಕಲ್ಲುಗಳ ನಡುವೆ ಅವರದೊಂದು ಮೇಜು. ಎದುರಿನ ಗೋಡೆಗೆ ನಗರದ ಈ ಭಾಗದ ನಕ್ಷೆ. ಎಲ್ಲಿ ಕಳವಾಯಿತೆಂದು ದೂರು ದಾಖಲಾಗುತ್ತದೋ ನಕ್ಷೆಯಲ್ಲಿ ಆ ಜಾಗಕ್ಕೊಂದು ಗುಂಡುಸೂಜಿ ಚುಚ್ಚುವುದು ಅವರ ಕೆಲಸ. ಮನೆಗಳ್ಳತನಕ್ಕೆ ಕೆಂಪು ತಲೆಯ ಸೂಜಿ, ಸೈಕಲ್ಲಿಗೆ ಹಳದಿ, ಜೇಬಿಗೆ ನೀಲಿ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಉಳಿದಂತೆ ಇನ್ಸ್‌ಪೆಕ್ಟರರಿಂದ ಹಿಡಿದು ಟೀ ತರುವವನವರೆಗೆ ಎಲ್ಲರಿಗೂ ಅವರು ಗುಂಡುಸೂಜಿಯೇ.

ಕಳ್ಳರನ್ನು ಕಾಣದಿದ್ದರೇನು, ಕಳ್ಳತನದ ವಿಷಯದಲ್ಲಿ ಅವರು ಸ್ವಯಂಘೋಷಿತ ಪಂಡಿತರು. ಕಳ್ಳ ಅಂದರೆ ಮೂಲತಃ ಸೋಮಾರಿ, ಅವನೂ ನಮ್ಮ ಹಾಗೆ ಕೆಲಸಕ್ಕೆ ಹತ್ತಿರದ ಜಾಗವನ್ನೇ ಹುಡುಕುತ್ತಾನೆ ಎನ್ನುವರು. ಅವನಿಗೆ ಬರುವುದಕ್ಕೊಂದು ದಾರಿ, ಹೋಗುವುದಕ್ಕೊಂದು ದಾರಿ ಇರುವ ಬೀದಿ ಬೇಕು ಎನ್ನುವರು. ಸಂತೆ, ಬಸ್ ನಿಲ್ದಾಣ, ಸಿನಿಮಾ ಮಂದಿರ ಇರುವ ಕಡೆ ಜನ ಸೇರುತ್ತಾರೆ, ಜನ ಸೇರಿದಲ್ಲಿ ಕಳ್ಳ ಸೇರುತ್ತಾನೆ, ಆದ್ದರಿಂದ ಜನರಿಲ್ಲದ ಕಡೆ ಕಳ್ಳನೂ ಇಲ್ಲ ಎಂದು ಕೈ ಝಾಡಿಸಿ ಲೆಕ್ಕ ಮುಗಿಸುವರು. ನೆಂಟರಿಷ್ಟರು ಬಾಡಿಗೆ ಮನೆ ಹುಡುಕುವಾಗ ಇವರನ್ನು ಕೇಳುವುದುಂಟು. ಕೇಳಿದ ಮೇಲೆ ಯಾವ ಮನೆಯೂ ಬೇಡವೆನಿಸಿ ಇದ್ದಲ್ಲೇ ಇದ್ದುಬಿಡುವುದೂ ಉಂಟು.

ಇಷ್ಟು ತಿಳಿದವರಿಗೆ ಧೈರ್ಯವಾದರೂ ಇರಬೇಕಿತ್ತು. ಆದರೆ ಹಗಲೆಲ್ಲ ಸೂಜಿ ಚುಚ್ಚಿ ಚುಚ್ಚಿ ಅವರ ಕಣ್ಣಿಗೆ ಊರೆಂಬ ಊರೇ ಕಳ್ಳರ ಹುತ್ತವಾಗಿತ್ತು. ಯಾರ ಮನೆಗೆ ಹೋದರೂ ಕೊಡೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಕೂರುವರು. ಬಸ್ಸಿನಲ್ಲಿ ಪಕ್ಕದವನು ಕೆಮ್ಮಿದರೆ ಜೇಬು ಮುಟ್ಟಿ ನೋಡಿಕೊಳ್ಳುವರು. ಒಮ್ಮೆ ಹಾಗೆ ಗಾಬರಿಯಲ್ಲಿ ಮುಟ್ಟಿದ್ದು ಪಕ್ಕದವನ ಜೇಬನ್ನೇ ಆಗಿ, ತಾವು ಠಾಣೆಯವರೆಂದು ಹೇಳಿ ಬಿಡಿಸಿಕೊಳ್ಳಬೇಕಾದರೆ ಮೂರು ಸ್ಟಾಪು ಕಳೆದಿತ್ತು.

ಅವರ ಸಂಸಾರ ಇದ್ದದ್ದು ಮಾರುಕಟ್ಟೆಯ ಬೆನ್ನಿಗೆ ಅಂಟಿಕೊಂಡ ಗುಂಡಿ ಓಣಿಯಲ್ಲಿ. ಅಂಗಿಯ ಗುಂಡಿ, ದಾರ, ಜಿಪ್ಪು, ಲೈನಿಂಗ್ ಬಟ್ಟೆ ಮಾರುವ ಅಂಗಡಿಗಳ ಸಾಲಾದ್ದರಿಂದ ಆ ಹೆಸರು. ಹೆಂಡತಿ ಅಲ್ಲಿ ಕಿಟಕಿಯ ಪಕ್ಕ ಮೆಷಿನ್ನು ಹಾಕಿಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಓಣಿಗೆಲ್ಲ ಆಕೆ ಹೊಲಿಗೆಯಕ್ಕ. ಗಂಡನನ್ನು ಹೊಲಿಗೆಯಕ್ಕನ ಯಜಮಾನರು ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ಗುರುತು ಅವರಿಗೆ ಅಲ್ಲಿ ಸಿಕ್ಕಿರಲಿಲ್ಲ, ಅದೂ ಒಂದು ಸಣ್ಣ ನೋವೇ.

ನಕ್ಷೆಯಲ್ಲಿ ಗುಂಡಿ ಓಣಿಯ ಪಾಡು ಹೇಳತೀರದು. ಸೂಜಿಯ ಪಕ್ಕ ಸೂಜಿ, ಅದರ ಸಂದಿಯಲ್ಲೊಂದು ಸೂಜಿ. ಚುಚ್ಚಿ ಚುಚ್ಚಿ ಕಾಗದ ಜರಡಿಯಾಗಿ ಒಂದು ದಿನ ಓಣಿಗೆ ಓಣಿಯೇ ಕಳಚಿ ನೆಲಕ್ಕೆ ಬಿತ್ತು. ಕಳ್ಳರು ಬಿಟ್ಟರೂ ಗುಂಡುಸೂಜಿ ಬಿಡಲಿಲ್ಲವೆಂದು ಠಾಣೆಯವರು ನಕ್ಕರು. ಇವರು ಹಿಂದಿನಿಂದ ರಟ್ಟು ಅಂಟಿಸಿ, ಮತ್ತೆ ಚುಚ್ಚಿದರು. ಓಣಿಯವರು ಚಪ್ಪಲಿ ಕಾಣದಿದ್ದರೂ ಠಾಣೆಗೆ ಓಡಿಬರುವ ಜಾತಿ. ಆ ಚಪ್ಪಲಿ ಸಂಜೆಗೆ ಮಂಚದ ಕೆಳಗೆ ಸಿಕ್ಕಿರುತ್ತಿತ್ತು ಎಂಬುದು ಬೇರೆ ಮಾತು. ಸಿಕ್ಕಿತೆಂದು ತಿಳಿಸಲು ಯಾರೂ ಮತ್ತೆ ಠಾಣೆ ಮೆಟ್ಟಿಲು ಹತ್ತುತ್ತಿರಲಿಲ್ಲ, ಚುಚ್ಚಿದ ಸೂಜಿಯನ್ನು ಕೀಳುವ ಪದ್ಧತಿಯೂ ಇರಲಿಲ್ಲ.

ಇವರಿಗೆ ಓಣಿ ಬೇಡವಾಗಲು ಕಳ್ಳರ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಅಲ್ಲಿ ಗುಟ್ಟು ಎಂಬ ಪದಾರ್ಥ ಮಾರಾಟಕ್ಕಿರಲಿಲ್ಲ. ಮೊದಲ ಮನೆಯ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಬೆಳಗಿನಿಂದ ಬೈಗಿನವರೆಗೆ ಕೂತಿರುತ್ತಿದ್ದಳು. ಮೆಟ್ಟಿಲಜ್ಜಿಯೆಂದೇ ಹೆಸರು. ಇವರು ಅರ್ಧ ದಿನ ರಜೆ ಹಾಕಿ ಬಂದರೆ ಹೊಟ್ಟೆ ಕೆಟ್ಟಿತೇ, ಏನು ತಿಂದಿದ್ದೆ, ಎಷ್ಟು ಸಲ ಆಯಿತು ಎಂದು ಅಷ್ಟು ದೂರದಿಂದಲೇ ಕೇಳುವಳು. ಉತ್ತರ ಕೊಡುವ ಮೊದಲೇ ದಾರದಂಗಡಿಯವಳು ಔಷಧಿ ಹೇಳುವಳು, ಮೆಷಿನ್ ರಿಪೇರಿಯವನು ಅದು ಬೇಡ ಇದು ಎನ್ನುವನು. ಇವರ ಹೊಟ್ಟೆಯ ಮೇಲೆ ಸಭೆ ನಡೆದು ಠರಾವು ಪಾಸಾಗುತ್ತಿತ್ತು.

ಅದೇ ನಕ್ಷೆಯ ಪೂರ್ವದ ಅಂಚಿನಲ್ಲಿ ಒಂದು ಬೀದಿಯಿತ್ತು. ದೊಡ್ಡ ಮೋರಿಯಾಚೆ, ಹೊಸ ಬಡಾವಣೆಯಲ್ಲಿ. ಅಷ್ಟು ವರ್ಷಗಳಲ್ಲಿ ಅಲ್ಲಿಗೆ ಒಂದೇ ಒಂದು ಸೂಜಿ ಬಿದ್ದಿರಲಿಲ್ಲ. ಒಗೆದು ಒಣಗಿಸಿದ ಬಿಳಿ ಪಂಚೆಯಂತೆ ಅದು ಮಲಗಿತ್ತು. ಗುಂಡುಸೂಜಿಯವರು ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಿಕೊಂಡು ಅದನ್ನೇ ನೋಡುತ್ತ ಉಣ್ಣುವರು. ಪ್ರಾಯದಲ್ಲಿ ಹುಡುಗಿಯ ಫೋಟೋವನ್ನೂ ಅಷ್ಟು ಹೊತ್ತು ನೋಡಿದವರಲ್ಲ. ಕೊನೆಗೆ ಅಲ್ಲೊಂದು ಮನೆ ಖಾಲಿಯಿದೆಯೆಂದು ತಿಳಿದಾಗ ಹೆಂಡತಿಯನ್ನು ಕೇಳಿದರು. ಅಂದರೆ, ಹೇಳಿದರು.

ಹೆಂಡತಿ ಕತ್ತರಿ ಕೆಳಗಿಡದೆಯೇ ಕೇಳಿದಳು. "ಅಲ್ಲಿ ದಾರ ಎಲ್ಲಿ ಸಿಗುತ್ತೆ?"

"ದಾರ ಇಲ್ಲಿಂದ ತಂದ್ರಾಯ್ತು."

"ಗಿರಾಕಿಗಳನ್ನೂ ಇಲ್ಲಿಂದ ತರ್ತೀರಾ?"

"ಅಲ್ಲಿ ಕಳ್ಳರ ಕಾಟ ಇಲ್ಲ ಕಣೆ. ನಕ್ಷೆ ನೋಡಿದ್ರೆ ನಿಂಗೇ ಗೊತ್ತಾಗುತ್ತೆ."

"ಕದಿಯೋಕೆ ನಮ್ಮನೇಲಿ ಏನಿದೆ ಅಂತ ಬರ್ತಾನೆ ಪಾಪ," ಅಂದಳು ಹೆಂಡತಿ. "ನಿಮ್ಮ ಆ ಕೊಡೆ ಬಿಟ್ರೆ."

ಆದರೆ ತಿಂಗಳುಗಟ್ಟಲೆ ಊಟಕ್ಕೂ ಅದೇ ಮಾತು, ಟೀಗೂ ಅದೇ ಮಾತು ಆಗಿ ಆಕೆಗೆ ಸಾಕಾಯಿತು. ಹೊಲಿಯುವವರಿಗೆ ಸೂಜಿಯ ಕಾಟ ಹೊಸದಲ್ಲ, ಹಾಳಾಗಿ ಹೋಗಲಿ ಎಂದು ಒಪ್ಪಿದಳು. ಸಾಮಾನು ಏರಿಸಿದ ದಿನ ಮೆಟ್ಟಿಲಜ್ಜಿ ಕಣ್ಣೊರೆಸಿಕೊಂಡು, ಹೊಸ ಮನೆಯಲ್ಲಿ ಎಷ್ಟು ನಲ್ಲಿಯಿದೆ, ಯಾವುದು ಸೋರುತ್ತದೆ ಎಂದೆಲ್ಲ ಕೇಳಿ ತಿಳಿದುಕೊಂಡೇ ಬಿಟ್ಟಳು.

ಹೊಸ ಬೀದಿ ನಿಜಕ್ಕೂ ಚೆಂದವಿತ್ತು. ಎರಡೂ ಕಡೆ ಆಳೆತ್ತರದ ಕಾಂಪೌಂಡು, ಅದರ ಮೇಲೆ ಗಾಜಿನ ಚೂರು, ಮನೆಗೊಂದು ಕಬ್ಬಿಣದ ಗೇಟು. ಸಾಲುಮರಗಳು ಎಷ್ಟು ಸೊಂಪಾಗಿ ಬೆಳೆದಿದ್ದವೆಂದರೆ ಬೀದಿದೀಪಗಳು ಎಲೆಗಳ ಒಳಗೇ ಉರಿದು ಎಲೆಗಳಿಗೇ ಬೆಳಕು ಕೊಡುತ್ತಿದ್ದವು. ಬೆಳಿಗ್ಗೆ ಗಂಡಸರು ಹೆಂಗಸರು ಕೆಲಸಕ್ಕೆ ಹೋದರೆ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಗುಂಡುಸೂಜಿಯವರು ಮೊದಲ ಸಲ ಎದೆತುಂಬ ಉಸಿರೆಳೆದುಕೊಂಡರು. ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಎದುರು ಮನೆಯ ನಿವೃತ್ತ ಮ್ಯಾನೇಜರರು ಕಂಡರೆ ತಲೆಯನ್ನು ಒಂದಿಷ್ಟೇ ಬಾಗಿಸುವರು. ಅಷ್ಟಕ್ಕೇ ಇವರಿಗೆ ತಾವೂ ದೊಡ್ಡ ಮನುಷ್ಯರಾದೆವು ಅನ್ನಿಸುತ್ತಿತ್ತು.

ಹೆಂಡತಿಗೆ ಮಾತ್ರ ಕೈ ಕಟ್ಟಿಹಾಕಿದಂತಾಯಿತು. ಕಿಟಕಿಯ ಪಕ್ಕ ಮೆಷಿನ್ನು ಹಾಕಿದರೆ ಕಾಣುವುದು ಕಾಂಪೌಂಡಿನ ಗೋಡೆ. ಹಳೆಯ ಗಿರಾಕಿಗಳು ಒಂದೊಂದು ಸಲ ಬಂದರು, ಗೇಟು ತಟ್ಟಿ ತಟ್ಟಿ ಹೋದರು, ಮತ್ತೆ ಬರಲಿಲ್ಲ. ಹೊಸಬರಿಗೆ ಗೋಡೆಯ ಹಿಂದೆ ಹೊಲಿಗೆಯವಳಿದ್ದಾಳೆಂದು ತಿಳಿಯುವ ಬಗೆ ಹೇಗೆ? ಕೆಲಸ ಬತ್ತುತ್ತ ಬಂದು, ಕೊನೆಗೆ ಆಕೆಯೇ ಹತ್ತಿರದ ಪ್ರಾಥಮಿಕ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯಿನಿಯನ್ನು ಕಂಡು, ಒಂದು ಇಡೀ ತರಗತಿಯ ಸಮವಸ್ತ್ರದ ಕೆಲಸ ಕೇಳಿ ಪಡೆದಳು. ಶಾಲೆ ಶುರುವಾಗುವ ದಿನಕ್ಕೆ ಅಂಗಿಗಳು ಸಿದ್ಧವಿರಬೇಕು. ಸಮಯಕ್ಕೆ ಕೊಟ್ಟರೆ ಮುಂದೆ ಇಡೀ ಶಾಲೆಯ ಕೆಲಸ, ತಪ್ಪಿದರೆ ಈ ಕಡೆ ತಲೆ ಹಾಕಬೇಡಿ ಎಂದು ಆ ತಾಯಿ ಖಡಾಖಂಡಿತ ಹೇಳಿದ್ದರು. ಮನೆಯೊಳಗೆ ಕತ್ತರಿಸಿದ ತೋಳು, ಕಾಲರು, ಜೇಬುಗಳ ಗುಡ್ಡೆ ಬಿತ್ತು. ಹೆಂಡತಿಯ ಮುಖದಲ್ಲಿ ಮತ್ತೆ ಕಳೆ ಬಂತು.

ಕಳುವಾದದ್ದು ಆಗಲೇ. ಹಾಡಹಗಲು, ಊಟದ ಹೊತ್ತು ಕಳೆದ ಮೇಲೆ. ಹೆಂಡತಿ ಇನ್ನೊಂದಷ್ಟು ದಾರಕ್ಕೆಂದು ಬಸ್ಸು ಹಿಡಿದು ಗುಂಡಿ ಓಣಿಗೆ ಹೋಗಿದ್ದಳು. ತಿರುಗಿ ಬಂದರೆ ಗೇಟು ಹಾಕಿದೆ, ಬಾಗಿಲ ಬೀಗ ಒಡೆದಿದೆ, ಕಿಟಕಿಯ ಪಕ್ಕ ಮೆಷಿನ್ನಿದ್ದ ಕಡೆ ಧೂಳಿಲ್ಲದ ಒಂದು ಚೌಕ ಮಾತ್ರ ಉಳಿದಿದೆ. ಬೇರೇನನ್ನೂ ಮುಟ್ಟಿಲ್ಲ. ಕೊಡೆಯೂ ಅಲ್ಲೇ ಇತ್ತು.

ಹೆಂಡತಿಯ ಫೋನು ಬಂದು ಗುಂಡುಸೂಜಿಯವರು ಓಡಿಬಂದಾಗ ಎದುರು ಮನೆಯ ಮ್ಯಾನೇಜರರು ತಾವೇ ಗೇಟಿನ ಹತ್ತಿರ ಬಂದರು. ಅವರು ನೋಡಿದ್ದರಂತೆ. ಒಬ್ಬ ಮನುಷ್ಯ ಗೂಡ್ಸ್ ಆಟೋ ತಂದು, ಮೆಷಿನ್ನನ್ನು ಸರ್ವಿಸಿಗೆ ಒಯ್ಯುತ್ತಿದ್ದೇನೆಂದು ಹೇಳಿದನಂತೆ. ಒಬ್ಬನೇ ಒದ್ದಾಡುತ್ತಿದ್ದಾನಲ್ಲ ಎಂದು ತಾವೇ ಗೇಟು ಹಿಡಿದುಕೊಂಡು ನಿಂತರಂತೆ. "ಬಹಳ ಮರ್ಯಾದಸ್ಥ. ಥ್ಯಾಂಕ್ಸ್ ಕೂಡ ಹೇಳಿದ," ಅಂದರು ಮ್ಯಾನೇಜರರು. ಹೇಳುತ್ತ ಹೇಳುತ್ತ ಅವರಿಗೇ ವಿಷಯ ಹೊಳೆದು ಧ್ವನಿ ಇಳಿಯಿತು.

ಗುಂಡುಸೂಜಿಯವರು ಠಾಣೆಗೆ ಧಾವಿಸಿದರು. ತಮ್ಮದೇ ಠಾಣೆ, ತಮ್ಮದೇ ಜನ. ದೂರು ಬರೆದುಕೊಳ್ಳುವ ಹೆಡ್ ಕಾನ್‌ಸ್ಟೆಬಲ್ ಪ್ರೀತಿಯಿಂದ ಕೂರಿಸಿ, ನೀರು ಕೊಟ್ಟು, ವಿಳಾಸ ಕೇಳಿದರು. ಕೇಳಿ ಪೆನ್ನು ಮುಚ್ಚಿದರು. ನಮ್ಮ ಸರಹದ್ದು ಮೋರಿಯವರೆಗೆ, ಮೋರಿಯಾಚೆ ಪೂರ್ವ ಠಾಣೆಯವರದು, ನಿಮಗೆ ತಿಳಿಯದ್ದೇ ಎಂದರು. ಇವರು ಪೂರ್ವ ಠಾಣೆಗೆ ಹೋದರು. ಅಲ್ಲಿ ಅವರದೂ ಒಂದು ನಕ್ಷೆ, ಅದರ ಮುಂದೆ ಅವರದೂ ಒಬ್ಬ ಗುಮಾಸ್ತ. ಆತ ನಕ್ಷೆಯ ಮೇಲೆ ಬೆರಳಾಡಿಸಿ, ನಮ್ಮದು ಡಾಂಬರು ರಸ್ತೆಯಿಂದ ಶುರು, ಅದಕ್ಕೂ ಮೋರಿಗೂ ನಡುವೆ ಇರುವುದು ನಿಮ್ಮವರದು ಎಂದ. ನಡುವೆ ಇದ್ದದ್ದು ಒಂದೇ ಬೀದಿ. ಆತನ ನಕ್ಷೆಯಲ್ಲೂ ಅದು ಅಚ್ಚ ಬಿಳಿ. ಆತ ಅದನ್ನು ಆಸೆಗಣ್ಣಿನಿಂದ ನೋಡಿ, ತಾನೂ ಅಲ್ಲೊಂದು ಮನೆ ನೋಡುತ್ತಿರುವುದಾಗಿ ಗುಟ್ಟಾಗಿ ಹೇಳಿದ.

ದೂರದ ಬೆಟ್ಟ ನುಣ್ಣಗೆ ಎಂಬುದನ್ನು ಗುಂಡುಸೂಜಿಯವರು ಶಾಲೆಯಲ್ಲಿ ಬರೆದು ಬರೆದು ಕಲಿತಿದ್ದರು. ಈಗ ಹತ್ತಿರ ನಿಂತು ಕಲಿತರು. ಕಾಲೆಳೆದುಕೊಂಡು ಬೀದಿಗೆ ಬಂದಾಗ ಮ್ಯಾನೇಜರರ ಗೇಟಿನಲ್ಲಿ ಅಕ್ಕಪಕ್ಕದ ನಾಲ್ಕಾರು ಮಂದಿ ನಿಂತಿದ್ದರು. ಆ ಬೀದಿಯಲ್ಲಿ ಅಷ್ಟು ಜನ ಒಟ್ಟಿಗೆ ನಿಂತದ್ದು ಅದೇ ಮೊದಲಿರಬೇಕು, ಒಬ್ಬರಿಗೊಬ್ಬರು ಪರಿಚಯ ಹೇಳಿಕೊಳ್ಳುತ್ತಿದ್ದರು. ಬರೆದುಕೊಂಡರೇ ಎಂದು ಮ್ಯಾನೇಜರರು ಕೇಳಿದರು. ಇಲ್ಲವೆಂದರು ಇವರು.

"ಬರ್ಕೊಳಲ್ಲ," ಅಂದರು ಮ್ಯಾನೇಜರರು. "ನಂದು ನೀರಿನ ಪಂಪು ಹೋದಾಗ ನಾನೂ ಮೋರಿ ಆ ಕಡೆ ಈ ಕಡೆ ಓಡಾಡಿ ಸುಸ್ತಾದೆ. ನಮ್ಮ ಬೀದೀಲಿ ಕಳ್ಳತನ ಇಲ್ಲ ಅಂತಲ್ಲ ಸಾರ್. ಬರ್ಕೊಳೋರಿಲ್ಲ."

ಆಮೇಲೆ ಒಬ್ಬೊಬ್ಬರ ಬಾಯಿ ಬಿಚ್ಚಿತು. ಪಕ್ಕದವರ ಸೈಕಲ್ಲು ಹೋಗಿತ್ತು, ಅವರ ಪಕ್ಕದವರ ಗ್ಯಾಸ್ ಸಿಲಿಂಡರು ಹೋಗಿತ್ತು, ಮೂಲೆ ಮನೆಯವರ ಗೇಟೇ ಹೋಗಿತ್ತು. ಮರ್ಯಾದೆಗೆ ಅಂಜಿ ಯಾರೂ ಯಾರಿಗೂ ಹೇಳಿರಲಿಲ್ಲ. ಪ್ರತಿಯೊಬ್ಬರೂ ತಮಗೊಬ್ಬರಿಗೇ ಹೀಗಾಯಿತೆಂದುಕೊಂಡು ಕಾಂಪೌಂಡನ್ನು ಇನ್ನೂ ಒಂದು ಸಾಲು ಎತ್ತರಿಸಿದ್ದರು. ಅದರ ಹಿಂದೆ ಕಳ್ಳ ಯಾರ ಕಣ್ಣಿಗೂ ಬೀಳದೆ ನೆಮ್ಮದಿಯಾಗಿ ಕೆಲಸ ಮಾಡಿಕೊಂಡು ಹೋಗುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಹೆಂಡತಿ ಒಳಗೆ ಅಂಗಿಯ ತುಂಡುಗಳ ನಡುವೆ ಕೂತಿದ್ದಳು. ಬೈದಿದ್ದರೆ ಗುಂಡುಸೂಜಿಯವರಿಗೆ ಹಾಯೆನಿಸುತ್ತಿತ್ತು. ಬೈಯಲಿಲ್ಲ.

"ಬೇರೆ ಮೆಷಿನ್ನು ಬಾಡಿಗೆಗೆ ತರೋಣ," ಅಂದರು ಇವರು.

"ನನ್ನ ಕೈಗೆ ಅದು ಹೊಂದೋದ್ರಲ್ಲಿ ಶಾಲೆ ಶುರುವಾಗಿರುತ್ತೆ." ಆಕೆ ಒಂದು ಜೇಬನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ಮದುವೆಯಾದಾಗಿನಿಂದ ಅದನ್ನೇ ತುಳಿದಿದ್ದೀನಿ. ಕಣ್ಮುಚ್ಚಿಕೊಂಡು ಹೊಲೀತಿದ್ದೆ. ನಾಳೆ ಹೋಗಿ ಮೇಡಂಗೆ ಆಗಲ್ಲ ಅಂತ ಹೇಳಿ ಬರ್ತೀನಿ. ನೀವು ಬರೋದು ಬೇಡ."

ಕೊನೆಯ ಮಾತು ಇವರ ಎದೆಗೇ ನಾಟಿತು. ಇಷ್ಟು ವರ್ಷ ತಾವು ನಗರದ ಕಳ್ಳತನವನ್ನು ನೋಡಿದ್ದಲ್ಲ, ನಗರದ ದೂರುಗಳನ್ನು ನೋಡಿದ್ದು ಎಂಬುದು ಅವರ ಗುಮಾಸ್ತ ತಲೆಗೆ ಇಳಿಯಲು ಒಂದು ಹೊಲಿಗೆ ಮೆಷಿನ್ನೇ ಬೆಲೆಯಾಗಬೇಕಾಯಿತು. ಅದೂ ತಮ್ಮದಲ್ಲ, ಹೆಂಡತಿಯದು.

ಮರುದಿನ ಬೆಳಿಗ್ಗೆ ಆಕೆ ಶಾಲೆಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಫೋನು ಬಂತು. ಗುಂಡಿ ಓಣಿಯ ರಿಪೇರಿಯವನು. ಮೆಷಿನ್ನು ನಿನ್ನೆಯೇ ಬಂದಿದೆ, ಬೆಲ್ಟು ಬಿಗಿ ಮಾಡಿ ಎಣ್ಣೆ ಹಾಕಿಟ್ಟಿದ್ದೇನೆ, ಉಳಿದ ಸಾಮಾನು ಯಾವಾಗ ಎಂದು ಕೇಳಿದ. ಹೆಂಡತಿಯ ಬಾಯಿಂದ ಮಾತು ಹೊರಡುವ ಮೊದಲೇ ಆ ಕಡೆ ಫೋನು ಕೈ ಬದಲಾಯಿಸಿ ಮೆಟ್ಟಿಲಜ್ಜಿಯ ಧ್ವನಿ ಕೇಳಿತು.

"ಅಲ್ಲ ಕಣೆ, ನಿನ್ನ ತಮ್ಮ ಟೀನೂ ಕುಡೀದೆ ಹೋಗ್ಬಿಟ್ನಲ್ಲ. ನಮ್ಮ ಮೇಲೆ ಏನಾದ್ರೂ ಬೇಜಾರಾಯ್ತಾ ಅವನಿಗೆ?"

"ನಂಗೆ ತಮ್ಮನೇ ಇಲ್ವಲ್ಲಜ್ಜಿ," ಅಂದಳು ಹೆಂಡತಿ.

ಗಂಡಹೆಂಡಿರು ಹೇಗೆ ಓಣಿಗೆ ಬಂದು ಬಿದ್ದರೋ ಅವರಿಗೇ ನೆನಪಿಲ್ಲ. ಓಣಿಗೆ ಓಣಿಯೇ ರಿಪೇರಿ ಅಂಗಡಿಯ ಮುಂದೆ ನೆರೆದಿತ್ತು. ಒಬ್ಬೊಬ್ಬರೂ ಹೇಳಿದ್ದನ್ನು ಜೋಡಿಸಿದರೆ ನಡೆದದ್ದು ಇಷ್ಟು. ಹಳೆಯ ಹೊಲಿಗೆ ಮೆಷಿನ್ನು ಕೊಳ್ಳುವವರು ಊರಿಗೆಲ್ಲ ಗುಂಡಿ ಓಣಿಯಲ್ಲೇ ಇರುವುದರಿಂದ ಕಳ್ಳ ಸೀದಾ ಅಲ್ಲಿಗೇ ಆಟೋ ತಂದಿದ್ದ. ಕಳ್ಳ ಮೂಲತಃ ಸೋಮಾರಿ ಎಂಬ ಒಂದು ಸಿದ್ಧಾಂತವಾದರೂ ನಿಜವಾಯಿತು. ರಿಪೇರಿಯವನು ಹೊರಗೆ ಬಂದು ನೋಡಿದರೆ, ಸ್ಟ್ಯಾಂಡಿನ ಮುರಿದ ಕಾಲಿಗೆ ತಾನೇ ಕೈಯಾರೆ ಹಾಕಿದ ಬೆಸುಗೆ. ಕಳ್ಳ ಬಾಯಿ ತೆರೆಯುವ ಮೊದಲೇ, ಹೊಲಿಗೆಯಕ್ಕ ವಾಪಸು ಬರುತ್ತಿದ್ದಾಳೆ, ಆಗಲೇ ದಾರಕ್ಕೆ ಬಂದು ಹೋದಾಗ ಗುಟ್ಟು ಬಿಡಲೇ ಇಲ್ಲ ಎಂದು ಓಣಿಗೆಲ್ಲ ಕೂಗಿ ಹೇಳಿದ.

ಅಲ್ಲಿಂದ ಆ ಮನುಷ್ಯನಿಗೆ ಬಿಡುವು ಸಿಗಲಿಲ್ಲ. ನಾಲ್ಕು ಜನ ಮೆಷಿನ್ನು ಇಳಿಸಿದರು. ಅಜ್ಜಿ ಅವನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ನೀನು ಅವಳಿಗೆ ಏನಾಗಬೇಕು ಎಂದಳು. ಅವನು ತಡವರಿಸಿ ತಮ್ಮ ಎಂದ. ಒಡಹುಟ್ಟಿದವನೋ ಚಿಕ್ಕಪ್ಪನ ಮಗನೋ? ಒಡಹುಟ್ಟಿದವನು. ಮತ್ತೆ ಅಕ್ಕನ ಮೂಗು ನಿನಗೇಕೆ ಬಂದಿಲ್ಲ? ಮದುವೆಯಾಗಿದೆಯೇ? ಆಗಿಲ್ಲವೆಂದರೆ ಯಾಕಾಗಿಲ್ಲ? ಭಾವನ ಹೊಟ್ಟೆ ಈಗ ಹೇಗಿದೆ? ದಾರದಂಗಡಿಯವಳು ಟೀ ತಂದುಕೊಟ್ಟು, ಬಾಡಿಗೆಗೆ ಎಲ್ಲೂ ಹೋಗಬೇಡಿ, ನಮ್ಮ ಮಹಡಿಯೇ ಖಾಲಿಯಿದೆ, ಈಗಲೇ ಬಂದು ನೋಡು ಎಂದು ಕೈ ಹಿಡಿದು ಎಳೆದಳು. ಯಾರೋ ಅಕ್ಕನಿಗೆ ಫೋನು ಮಾಡಿ ಕೊಡುತ್ತೇನೆ, ತಲುಪಿದೆ ಅಂತ ನೀನೇ ಹೇಳು ಎಂದರು. ಆಗ ಅವನು, ಆಟೋ ದಾರಿಗಡ್ಡ ನಿಂತಿದೆ, ತಿರುಗಿಸಿ ಬಂದುಬಿಡುತ್ತೇನೆ ಎಂದು ಎದ್ದವನು ಆಟೋವನ್ನು ತಿರುಗಿಸುವ ಗೋಜಿಗೂ ಹೋಗದೆ, ಹಿಮ್ಮುಖವಾಗಿಯೇ ಓಡಿಸಿಕೊಂಡು ಓಣಿ ದಾಟಿದನಂತೆ.

"ಕಳ್ಳ ಅಂತ ಗೊತ್ತಿದ್ರೆ ಹಿಡ್ಕೊಂಡಿರ್ತಿದ್ವಿ," ಅಂದ ರಿಪೇರಿಯವನು ಪೇಚಾಡುತ್ತ.

"ಗೊತ್ತಾಗದೇ ಇದ್ದದ್ದೇ ಒಳ್ಳೇದಾಯ್ತು ಬಿಡು," ಅಂದಳು ಅಜ್ಜಿ. "ಪಾಪ, ಮೂಗಿನ ವಿಷಯ ಕೇಳಿದ್ದಕ್ಕೆ ಬೇಜಾರಾಯ್ತೇನೋ ಅಂತ ನಂಗೆ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ."

ಹೆಂಡತಿ ಈ ಯಾವುದನ್ನೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಸ್ಟೂಲು ಎಳೆದುಕೊಂಡು ಮೆಷಿನ್ನಿನ ಮುಂದೆ ಕೂತು, ಚಕ್ರವನ್ನು ಕೈಯಿಂದ ಒಮ್ಮೆ ತಿರುಗಿಸಿ, ಅಂಗಡಿಯಲ್ಲಿ ಬಿದ್ದಿದ್ದ ಯಾವುದೋ ಚಿಂದಿ ಕೊಟ್ಟು ತುಳಿದಳು. ಹೊಲಿಗೆ ನೇರವಾಗಿ ಓಡಿತು. ಆಕೆ ಆ ಚಿಂದಿಯಿಂದಲೇ ಕಣ್ಣೊರೆಸಿಕೊಂಡಳು. ಗುಂಡುಸೂಜಿಯವರು ಅಲ್ಲೇ ಅಂಗಡಿಯ ಹೊಸ್ತಿಲ ಮೇಲೆ ಕೂತುಬಿಟ್ಟರು. ಅಜ್ಜಿ ತಕ್ಷಣ, ಬೆಳಿಗ್ಗೆ ಏನಾದರೂ ತಿಂದಿದ್ದೀಯೋ ಇಲ್ಲವೋ ಎಂದು ಕೇಳಿದಳು. ತಿಂದಿಲ್ಲವೆಂದರು. ಯಾಕೆ ತಿಂದಿಲ್ಲವೆಂದು ಕೇಳಿದಳು. ಅದನ್ನೂ ಹೇಳಿದರು, ಅವಳು ಕೇಳದಿದ್ದದ್ದನ್ನೂ ಸೇರಿಸಿ ಹೇಳಿದರು.

ಮೆಷಿನ್ನು ಮತ್ತೆ ಮೋರಿ ದಾಟಲಿಲ್ಲ. ದಾರದಂಗಡಿಯ ಮಹಡಿಯ ಕಿಟಕಿಗೆ ಅದನ್ನು ಏರಿಸಿ, ಅಂಗಿಯ ತುಂಡುಗಳನ್ನು ಗಂಟುಕಟ್ಟಿ ತಂದರು. ಬಿಳಿ ಬೀದಿಯ ಮನೆ ಖಾಲಿ ಮಾಡುವ ದಿನ ಮ್ಯಾನೇಜರರು ತಾವೇ ಬಂದು ಗೇಟು ಹಿಡಿದುಕೊಂಡರು, ಈ ಸಲ ಎಲ್ಲರ ಮುಖ ಚೆನ್ನಾಗಿ ನೋಡಿ. ಗುಂಡುಸೂಜಿಯವರು ಎರಡೂ ಠಾಣೆಯ ಇನ್ಸ್‌ಪೆಕ್ಟರರನ್ನು ಬೆನ್ನುಬಿಡದೆ ಕಾಡಿ, ಆ ಬೀದಿಯನ್ನು ತಮ್ಮ ಠಾಣೆಗೆ ಸೇರಿಸುವಂತೆ ಮಾಡಿದರು. ಬಂದ ದೂರುಗಳಿಗೆ ಸೂಜಿ ಚುಚ್ಚಿ ಚುಚ್ಚಿ ಅವರ ಹೆಬ್ಬೆರಳು ಬಾತುಕೊಂಡಿತು. ಮ್ಯಾನೇಜರರು ಒಂದು ದಿನ ನಕ್ಷೆ ನೋಡಲು ಬಂದು, ತಮ್ಮ ಪಂಪಿನ ಸೂಜಿ ಯಾವುದೆಂದು ಕೇಳಿ, ಕನ್ನಡಕ ಹಾಕಿಕೊಂಡು ನೋಡಿ, ತೃಪ್ತಿಯಿಂದ ಹೋದರು.

ಶಾಲೆ ಶುರುವಾಗುವ ಹಿಂದಿನ ದಿನದವರೆಗೂ ಮಹಡಿಯಲ್ಲಿ ಮೆಷಿನ್ನು ನಿಲ್ಲಲಿಲ್ಲ. ದಾರದಂಗಡಿಯವಳು ಗುಂಡಿ ಹಾಕಿಕೊಟ್ಟಳು, ರಿಪೇರಿಯವನು ಇಸ್ತ್ರಿ ತಿಕ್ಕಿದ. ಪ್ರಾಯಶ್ಚಿತ್ತವೋ ಏನೋ, ಗುಂಡುಸೂಜಿಯವರು ರಜೆ ಹಾಕಿ ಕೂತು, ಬೇಡ ಬೇಡವೆಂದರೂ ಕೇಳದೆ ಒಂದು ಅಂಗಿಯನ್ನು ಪೂರ್ತಿ ತಾವೇ ಹೊಲಿದರು.

ಬೆಳಿಗ್ಗೆ ಇಬ್ಬರೂ ಗಂಟು ಹೊತ್ತು ಶಾಲೆಗೆ ಹೋದರು. ಮುಖ್ಯೋಪಾಧ್ಯಾಯಿನಿ ಒಂದೊಂದೇ ಅಂಗಿ ಬಿಡಿಸಿ, ಹೊಲಿಗೆ ಎಳೆದು ನೋಡಿ, ಚೆನ್ನಾಗಿದೆ ಚೆನ್ನಾಗಿದೆ ಎನ್ನುತ್ತ ಪಕ್ಕಕ್ಕಿಟ್ಟರು. ನಡುವೆ ಒಂದು ಅಂಗಿ ಕೈಗೆ ಬಂದಾಗ ನಿಲ್ಲಿಸಿದರು. ಅದರ ಒಂದು ತೋಳು ಮೊಣಕೈಗೇ ಮುಗಿದಿತ್ತು, ಇನ್ನೊಂದು ಮಣಿಕಟ್ಟನ್ನೂ ದಾಟಿತ್ತು.

"ಇದು?" ಅಂದರು.

"ಅದು ನಮ್ಮನೆಯವರು ಹೊಲಿದದ್ದು ಮೇಡಂ," ಅಂದಳು ಹೆಂಡತಿ, ನಗು ತಡೆಯಲಾರದೆ. "ಲೆಕ್ಕಕ್ಕೆ ಹಿಡೀಬೇಡಿ, ಅದರ ಬದಲಿಗೆ ಇನ್ನೊಂದು ತಂದಿದ್ದೀನಿ. ಮುಂದಿನ ವಾರ ಉಳಿದ ತರಗತಿಗಳ ಅಳತೆಗೆ ಬರ್ಲಾ?"

ಬನ್ನಿ ಎಂದರು ಮುಖ್ಯೋಪಾಧ್ಯಾಯಿನಿ. ಯಜಮಾನರನ್ನು ಬೇಕಾದರೆ ಮನೆಯಲ್ಲೇ ಬಿಟ್ಟು ಬನ್ನಿ ಎಂದರು. ಗುಂಡುಸೂಜಿಯವರು ಆ ಅಂಗಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಎಲ್ಲರಿಗಿಂತ ಜೋರಾಗಿ ನಕ್ಕರು.